ಮೈಕಿನ ಪಕ್ಕದ ಬಳೆ ಸದ್ದು

ರತ್ನಳ ಎಡಗಡೆ ಜಡೆ ಮುಗಿಸಿ ಬಲಗಡೆಯದಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಉದಯನ ಫೋನ್ ಹೊಡೆದುಕೊಂಡಿತು. ಅವನು ಬಚ್ಚಲಿನಲ್ಲಿದ್ದ. ಬಾಚಣಿಗೆಯನ್ನು ಮಗಳ ತಲೆಯಲ್ಲೇ ಸಿಕ್ಕಿಸಿ ಫೋನ್ ಎತ್ತಿದೆ.

“ಸಾ, ಇವತ್ತಾದ್ರೂ ಬತ್ತೀರಾ? ರೆಡಿಯಾಗಿ ಕುಂತಿವ್ನಿ.” ಹೆಂಗಸಿನ ದನಿ. ಹಿಂದೆಯೇ ಒಂದು ಕಿಲಕಿಲ ನಗು.

“ಅವರು ಸ್ನಾನಕ್ಕೆ ಹೋಗಿದ್ದಾರೆ. ನೀವು ಯಾರು?”

“ಬಂಡಳ್ಳಿ ಯಶೋದ ಕಣ್ರಿ. ಸಾರ್‌ಗೆ ಗೊತ್ತು ಬುಡಿ.” ಫೋನ್ ಇಟ್ಟಳು.

ಆ ನಗು ನನಗೂ ಗೊತ್ತಿತ್ತು.

ನಾನೂ ಉದಯನೂ ಆರು ವರ್ಷ ಜೊತೆಯಲ್ಲಿ ಸಾಕ್ಷ್ಯಚಿತ್ರ ಮಾಡಿದವರು. ಅವನದು ಕ್ಯಾಮೆರಾ, ನನ್ನದು ಸೌಂಡ್. ಕೊಳ್ಳೇಗಾಲದಲ್ಲಿ ಮಗ್ಗದ ಮುಂದೆ ಕಣ್ಣು ಸೋತ ಹೆಂಗಸರು, ಬೆಟ್ಟದಿಂದ ಯಳಂದೂರಿಗೆ ಇಳಿದು ಓದುವ ಹುಡುಗಿಯರು. ಅವನು ಫ್ರೇಮ್ ಇಟ್ಟು, ಶುರು ಮಾಡೋಣವಾ ಎಂಬಂತೆ ನನ್ನ ಕಡೆ ಹುಬ್ಬು ಎತ್ತುತ್ತಿದ್ದ. ನಾನು ಹೆಡ್‌ಫೋನ್ ಒತ್ತಿಕೊಂಡು ತಲೆ ಆಡಿಸುತ್ತಿದ್ದೆ. ನಮ್ಮ ಪ್ರೇಮ ಶುರುವಾದದ್ದೇ ಆ ಹುಬ್ಬಿನಿಂದ.

ರತ್ನ ಹುಟ್ಟಿದ ಮೇಲೆ, ಅಂದರೆ ಇನ್ನೊಂದು ಆರು ವರ್ಷ, ನಾನು ಮನೆಯಲ್ಲಿ. ಅವನು ರೆಕಾರ್ಡ್ ಮಾಡಿ ತಂದ ಮಾತುಗಳನ್ನು ಕೇಳಿ ಬರೆದುಕೊಡುತ್ತೇನೆ, ಅಷ್ಟೇ.

ಈ ಸಲದ್ದು ಬಂಡಳ್ಳಿಯಲ್ಲಿ ಎಳೆಯ ವಯಸ್ಸಿಗೇ ಮದುವೆಯಾಗಿ, ಈಗ ಹತ್ತನೇ ಕ್ಲಾಸ್ ಪರೀಕ್ಷೆಗೆ ಕೂರುವ ಹೆಂಗಸರ ಕಥೆ. ಮೂರು ದಿನದಿಂದ ಕೇಳುತ್ತಿದ್ದೇನೆ. ಮಾತಾಡುವವರಿಗಿಂತ ಹತ್ತಿರದಲ್ಲಿ ಗಾಜಿನ ಬಳೆ ಸದ್ದು. ಮೈಕ್ ಹಿಡಿದವಳ ಕೈಯದು. ಒಂದು ಕಡೆ ಉದಯ್ ಮೆಲ್ಲಗೆ, “ಕೈ ನೋಯ್ತಾ?” ಅಂದಿದ್ದಾನೆ. ಅದಕ್ಕೆ ಈ ನಗು.

ಹಿಂದೆ ನನ್ನನ್ನು ಕೇಳುತ್ತಿದ್ದುದೂ ಅದೇ ದನಿಯಲ್ಲೇ.

ನನ್ನ ಜಾಗದಲ್ಲಿ ಯಾರೋ ನಿಂತಾಗಿದೆ. ಬಾಯಿ ಬಿಟ್ಟು ಕೇಳಿದರೆ ಹೌದು ಅಂದುಬಿಟ್ಟಾನು ಎಂದು ಮೂರು ದಿನ ನುಂಗಿಕೊಂಡಿದ್ದೆ.

ತಲೆ ಒರೆಸಿಕೊಳ್ಳುತ್ತಾ ಬಂದ.

“ಯಶೋದ ಫೋನ್ ಮಾಡಿದ್ರು,” ಅಂದೆ, ಜಡೆ ನೋಡುತ್ತಾ.

“ಓ, ಸರಿ.”

“ಬಳೆ ಬಹಳ ಹಾಕ್ಕೋತಾರೆ ಅಲ್ವಾ.”

ಟವೆಲ್ ನಿಂತಿತು. “ಕೇಳಿಸ್ತಾ?”

“ಅದೇ ತಾನೇ ನನ್ನ ಕೆಲಸ ಆಗಿದ್ದು.”

“ಅಮ್ಮಾ, ಎಳೀಬೇಡ, ನೋಯ್ತದೆ,” ಅಂದಳು ರತ್ನ.

ಉದಯ್ ನನ್ನನ್ನೇ ನೋಡಿದ. ತುಟಿಯ ತುದಿಯಲ್ಲಿ ನಗು ಬಂದು, ನನ್ನ ಮುಖ ಕಂಡು ವಾಪಸ್ ಹೋಯಿತು. ಫೋನಿನಲ್ಲಿ ಒಂದು ಫೋಟೋ ತೆಗೆದು ಹಿಡಿದ. ಐವತ್ತು ದಾಟಿದ ಹೆಂಗಸು. ಬಾಯಲ್ಲಿ ಎಲೆಅಡಿಕೆ, ಮೊಣಕೈವರೆಗೆ ಹಸಿರು ಬಳೆ. ಮೈಕಿನ ಕೋಲನ್ನು ಕಬ್ಬಿನ ಜಲ್ಲೆಯಂತೆ ಹೆಗಲಿಗೆ ಒರಗಿಸಿಕೊಂಡಿದ್ದಾಳೆ.

“ಇವರೇ ಯಶೋದ. ಬಳೆ ತೆಗೀರಿ ಅಂದ್ರೆ, ನಿಮ್ ಸಿನಿಮಾ ಆಚಾರಕ್ಕೆ ಮುತ್ತೈದೆ ಬಳೆ ತೆಗೀತಾಳಾ ಅಂತ ಬೈದ್ರು.”

ದನಿ ಕೇಳಿದರೆ ವಯಸ್ಸು ಹೇಳುತ್ತೇನೆ ಎಂದು ಜಂಭ ಕೊಚ್ಚುತ್ತಿದ್ದವಳು ನಾನು. ಕಿವಿ ಬಿಸಿಯಾಯಿತು. ಆದರೂ ಅನುಮಾನ ಪೂರ್ತಿ ಕರಗಲಿಲ್ಲ.

“ಸೌಂಡ್ ಮಾಡೋರು ಯಾರೂ ಸಿಗಲಿಲ್ವಾ?”

“ಸಿಗ್ತಾರೆ. ಹುಡುಕಲಿಲ್ಲ.”

“ಯಾಕೆ?”

“ಇನ್ನೊಬ್ಬರು ಆ ಹೆಡ್‌ಫೋನ್ ಹಾಕ್ಕೊಂಡು ತಲೆ ಆಡಿಸೋದು ನೋಡೋಕೆ ನನಗಾಗಲ್ಲ, ಅಂಜು.”

“ಹಾಗಿದ್ರೆ ಈ ಆರು ವರ್ಷದಲ್ಲಿ ನನ್ನನ್ನ ಒಂದು ಸಲ ಕರೀಬಹುದಿತ್ತು.”

“ಕರೆದಿದ್ದೆ. ಆಗ ಇವಳು ಮೂರು ತಿಂಗಳ ಮಗು. ನೀನೇ ಬರಲ್ಲ ಅಂದೆ. ಬೇಡ ಅಂದವರನ್ನ ಎರಡನೇ ಸಲ ಕೇಳಬಾರದು ಅಂತ ರೂಲ್ ಮಾಡಿದ್ದು ಯಾರು?”

ನಾನೇ. ಕ್ಯಾಮೆರಾ ಮುಂದೆ ಕೂರಲ್ಲ ಎಂದವರಿಗಾಗಿ ಮಾಡಿದ್ದ ರೂಲ್ ಅದು. ನನಗೂ ಹಾಕಿ, ಇಷ್ಟು ವರ್ಷ ನಿಯತ್ತಾಗಿ ಪಾಲಿಸಿದ್ದಾನೆ, ಪೆದ್ದ. ಈಗಲೂ ಕೇಳುತ್ತಿಲ್ಲ. ಹುಬ್ಬು ಮಾತ್ರ ಸ್ವಲ್ಪ ಮೇಲಕ್ಕೆ ಹೋಗಿತ್ತು.

ಅವನು ಕೇಳದೆ ಬರುತ್ತೇನೆ ಎಂದು ನಾನು ಹೇಳುವವಳಲ್ಲ.

ರತ್ನ ಅರ್ಧ ಜಡೆಯಲ್ಲೇ ತಿರುಗಿ ಕೂತಳು. ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಅಪ್ಪ ಎರಡನೇ ಸಲ ಕೇಳಬಾರದು, ಸರಿ. ನಾನು ಒಂದ್ಸಲಾನೂ ಕೇಳಿಲ್ಲ ಅಲ್ವಾ?”

ಬಾಚಣಿಗೆ ಎತ್ತಿ ಮೈಕಿನಂತೆ ನನ್ನ ಬಾಯಿಗೆ ಹಿಡಿದಳು.

“ಅಮ್ಮಾ, ಅಪ್ಪನ ಜೊತೆ ಶೂಟಿಂಗಿಗೆ ಹೋಗ್ತೀಯಾ?”