ಮೂಗಿನ ಪಕ್ಕದ ಎರಡು ಸೂಜಿ

"ಬಂತಾ?" ಎಂದು ಕೇಳಿದೆ.

ಮೂಗಿನ ಎರಡೂ ಹೊಳ್ಳೆಗಳ ಪಕ್ಕದಲ್ಲಿ ಸೂಜಿ ಹಾಕಿಸಿಕೊಂಡು ಮಲಗಿದ್ದ ಲಿಂಗ್‌ಯುನ್ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಜೋಮು ಬಂತು ಡಾಕ್ಟ್ರೇ. ವಾಸನೆ ಬರ್ಲಿಲ್ಲ."

ತಲೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅದು ಹತ್ತೊಂಬತ್ತನೆಯ ದಿನ. ಆ ಜಾಗದ ಹೆಸರೇ ಯಿಂಗ್‌ಶಿಯಾಂಗ್, ಪರಿಮಳವನ್ನು ಎದುರುಗೊಳ್ಳುವ ಬಿಂದು. ಕಟ್ಟಿದ ಮೂಗು, ಸೋರುವ ಮೂಗು, ಸೊಟ್ಟಗಾದ ಬಾಯಿ, ಇರುವೆ ಹರಿದಂತೆ ತುರಿಸುವ ಮುಖ, ಎಲ್ಲಕ್ಕೂ ನಮ್ಮ ತಾತ ಅಲ್ಲೇ ಸೂಜಿ ಹಾಕುತ್ತಿದ್ದರು. ಚಿಂಗ್‌ಶೂ ಊರಿನ ಅರ್ಧ ಮೂಗುಗಳು ನನ್ನ ಕೈಯಲ್ಲೇ ಸರಿಹೋಗಿವೆ. ಇವಳದು ಮಾತ್ರ ಜಪ್ಪಯ್ಯ ಅಂದರೂ ಸರಿಹೋಗಲೊಲ್ಲದು.

ಹೋಗಲಿ ಎನ್ನುವಂಥ ಮೂಗೂ ಅಲ್ಲ ಅದು. ಇವಳ ಚ್ಯಾವ್ ಮನೆತನದ ವಿನೆಗರ್ ಜಾಡಿಗಳನ್ನು ಮೂಸಿ, ಯಾವುದು ಹದಕ್ಕೆ ಬಂತು ಎಂದು ಹೇಳಬೇಕಾದ ಮೂಗು. ಶೀತಜ್ವರದಲ್ಲಿ ಹೋದ ವಾಸನೆ ಶುಕ್ರವಾರದೊಳಗೆ ಮರಳದಿದ್ದರೆ, ಅವಳಮ್ಮ ಮನೆಯ ಸೌಟನ್ನು ಚಿಕ್ಕಪ್ಪನ ಮಗಳ ಕೈಗೆ ಕೊಡುವವರಿದ್ದರು. ಸೌಟು ಯಾರ ಕೈಗೋ, ಭಟ್ಟಿ ಅವರದು.

ನನ್ನ ಸಂಕಟವೇ ಬೇರೆ. ರೋಗಿಯ ಮುಖದಲ್ಲಿ ರೋಗವನ್ನಷ್ಟೇ ನೋಡು ಎಂದು ತಾತ ಕಲಿಸಿದ್ದರು. ಮೂಗಿನಿಂದ ಅವಳ ಕಣ್ಣಿಗೆ ಏರಲು ಹೋಗುವ ನನ್ನ ದೃಷ್ಟಿಯನ್ನು ಹತ್ತೊಂಬತ್ತು ದಿನ ಕೆಳಗೆ ಎಳೆದು ಎಳೆದು ಸಾಕಾಗಿತ್ತು.

"ನಾಳೆಗೆ ಹತ್ತು ದಿನದ ಎರಡನೇ ಸುತ್ತೂ ಮುಗಿಯುತ್ತೆ," ಎಂದೆ. "ನನ್ನ ಕೈಲಾಗ್ಲಿಲ್ಲ. ತಾಯ್‌ಯುವಾನ್‌ನ ದೊಡ್ಡಾಸ್ಪತ್ರೆಗೆ ಚೀಟಿ ಬರ್ಕೊಡ್ತೀನಿ, ಹೋಗಿ."



ಕೊನೆಯ ಪರೀಕ್ಷೆಗೆಂದು ಬಾಟಲಿ ಹಿಡಿದೆ. ಅವಳೇ ತಂದಿಟ್ಟಿದ್ದ ವಿನೆಗರ್ ಖಾಲಿಯಾಗಿತ್ತು. ಎದುರಿನ ನೂಡಲ್ಸ್ ಅಂಗಡಿಯಿಂದ ಅದೇ ಬಾಟಲಿಗೆ ತುಂಬಿಸಿಕೊಂಡು ಬಂದಿದ್ದೆ. ಹೇಗೂ ಇವಳಿಗೆ ಗೊತ್ತಾಗುವುದಿಲ್ಲವಲ್ಲ!

"ನಿಮ್ಮನೇದೇ. ಸ್ವಲ್ಪ ಮನಸ್ಸಿಟ್ಟು ಮೂಸಿ."

"ಇದಾ?" ಕಣ್ಣು ಫಕ್ಕನೆ ತೆರೆಯಿತು. "ಇದು ನಮ್ಮನೇದಾ? ತೌಡು ಸೀದು ಕರಕಲಾಗಿರೋ ವಾಸನೆ! ಮೂರು ತಿಂಗ್ಳು ಬಿಸಿಲು ಕಂಡಿಲ್ಲ ಇದು! ಇಂಥಾ ಕೊಚ್ಚೆಗೆ ನಮ್ಮ ಹೆಸ್ರು ಹೇಳ್ತೀರಲ್ಲ, ನಿಮಗೆ..."

ಮಾತು ಅಲ್ಲೇ ನಿಂತಿತು. ಕೆನ್ನೆ ಕೆಂಪಾಯಿತು.

"ಯಾವತ್ತಿಂದ?" ಎಂದೆ.

"ಏಳನೇ ದಿನದಿಂದ."

"ಹನ್ನೆರಡು ದಿನ! ತಾತನ ಪುಸ್ತಕ ಎಲ್ಲಾ ತಿರುವಿ ಹಾಕ್ದೆ. ನನಗೆ ಸೂಜಿ ಹಿಡಿಯೋಕೇ ಬರಲ್ವೇನೋ ಅಂತ ನಿದ್ದೆಗೆಟ್ಟೆ. ನಿನಗೆ ತಮಾಷೆನಾ? ಶುಕ್ರವಾರ ಸೌಟು ಹೋಗುತ್ತಲ್ಲೇ, ಹುಚ್ಚಿ!"

"ವಾಸಿ ಆಯ್ತು ಅಂದ್ರೆ 'ಸರಿ, ಹೋಗಿ ಬನ್ನಿ' ಅಂತಿದ್ರಿ. ನೀವು ಬಿಲ್ಕುಲ್ ಮೂಗು ಬಿಟ್ಟು ಮೇಲೆ ನೋಡೋ ಆಸಾಮಿ ಅಲ್ಲ. ನಾನೇನು ಮಾಡ್ಲಿ? ಸೂಜಿ ಚುಚ್ಚೋವಾಗ್ಲಾದ್ರೂ ಹತ್ರ ಬರ್ತಿದ್ರಲ್ಲ."

ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಅಂದು ಮೊದಲ ಸಲ ಅವಳ ಕಣ್ಣನ್ನು ನೆಟ್ಟಗೆ ನೋಡಿದೆ. ನಾನು ಇವಳನ್ನು ಪ್ರೀತಿಸುತ್ತಿದ್ದೆ. ಮುಚ್ಚಿಡುವುದಕ್ಕೆ ಇನ್ನು ಕಾರಣವೇ ಉಳಿದಿರಲಿಲ್ಲ.

"ಈಗ ಅಮ್ಮನಿಗೆ ಯಾರು ಹೇಳೋದು? ಅದೇ ಸೌಟಲ್ಲಿ ಬಾರಿಸ್ತಾರೆ ನನಗೆ," ಎಂದಳು.

"ನಾನು ಬರ್ತೀನಿ."

"ಡಾಕ್ಟ್ರಾಗಿ ಬಂದು ಏನು ಹೇಳ್ತೀರಿ?"

"ಡಾಕ್ಟ್ರಾಗಿ ಯಾರು ಬರ್ತಾರೆ? ನಿನ್ನನ್ನ ಕೇಳೋಕೆ ಬರ್ತೀನಿ."

ಅವಳ ತುಟಿ ಬಿರಿಯಿತು. ಸೂಜಿಗಳೆರಡೂ ಅಲ್ಲಾಡಿದವು.

"ನಗ್ಬೇಡ, ನೋಯುತ್ತೆ!"

"ಹಾಗಾದ್ರೆ ಬೇಗ ತೆಗೀರಿ!"

ಹನ್ನೊಂದು ವರ್ಷದ ಕಸುಬಿನಲ್ಲಿ ರೋಗಿಯ ಕಣ್ಣು ನೋಡುತ್ತಾ ನಾನು ಸೂಜಿ ತೆಗೆದದ್ದು ಅದೊಂದೇ ಸಲ.