ದಿಂಬಿನ ಮೇಲಿನ ಮಾತ್ರೆ

ಸಾಗರದ ಒಂದು ನರ್ಸಿಂಗ್ ಹೋಮಿನ ಮಾನಸಿಕ ರೋಗಿಗಳ ವಾರ್ಡಿನಲ್ಲಿ ನಾನು ನರ್ಸ್. ಮಾತ್ರೆ ಕೊಟ್ಟ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತೇವೆ. ಒಂದು ವಾರ ತಪ್ಪದೆ ನುಂಗಿದರೆ ದುಗ್ಗಮ್ಮ ಎಂಬ ರೋಗಿಯನ್ನು ಮನೆಗೆ ಕಳಿಸುವುದಾಗಿ ಡಾಕ್ಟರು ಹೇಳಿದ್ದರು.

ಏಳನೆಯ ದಿನ ಬೆಳಿಗ್ಗೆಯೂ ಅವರ ಬಾಯಿಯಲ್ಲಿ ಏನೂ ಉಳಿದಿರಲಿಲ್ಲ.

"ನನ್ ಬಾಯೇ ಎಷ್ಟು ಸಲ ನೋಡ್ತೀರಿ ಸಿಸ್ಟರ್? ಪಕ್ಕದ ಮಂಚದೋಳು ದಿನಾ ಮಾತ್ರೆ ಉಗೀತಾಳೆ, ಅವಳ್ನ ಒಂದಿನಾನೂ ಕೇಳಲ್ಲ" ಎಂದರು.

ಆ ಮಂಚ ತಿಂಗಳಿಂದ ಖಾಲಿ. ಅದರ ದಿಂಬಿನ ಮೇಲೆ ಅರ್ಧ ಕರಗಿದ ಹಳದಿ ಮಾತ್ರೆಯಿತ್ತು. ಮುಟ್ಟಿ ನೋಡಿದೆ; ಒದ್ದೆಯಾಗಿ, ಬೆಚ್ಚಗಿತ್ತು. ದುಗ್ಗಮ್ಮನದು ಬಿಳಿ ಮಾತ್ರೆ. ಹಳದಿಯದನ್ನು ನಮ್ಮ ವಾರ್ಡಿನಲ್ಲಿ ಯಾರಿಗೂ ಕೊಡುವುದಿಲ್ಲ.

ಯಾರಿಗೂ ಹೇಳದೆ, ದುಗ್ಗಮ್ಮನ ಹೆಸರಿನ ಮುಂದೆ 'ನುಂಗಿದ್ದಾರೆ' ಎಂದು ಬರೆದೆ. ಅವರು ಮನೆಗೆ ಹೋಗಿ ಹತ್ತು ದಿನವಾಯಿತು.

ಇವತ್ತು ಬೆಳಿಗ್ಗೆಯೂ ಆ ದಿಂಬಿನ ಮೇಲೆ ಹಳದಿ ಮಾತ್ರೆಯಿತ್ತು. ಇನ್ನೂ ಬೆಚ್ಚಗಿತ್ತು.