ಬಟ್ಟಲು ಮುಚ್ಚದ ವಾಚು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ದರ್ಜಿಯೊಬ್ಬ ಕೊರಳಿನ ಟೇಪನ್ನೂ ತೆಗೆಯದೆ ಠಾಣೆಗೆ ಬಂದ. ಪಕ್ಕದ ಮಳಿಗೆಯಲ್ಲಿ ವಾಚು ರಿಪೇರಿ ಮಾಡುವ ಹೆಂಗಸು ನಿನ್ನೆ ಸಂಜೆಯಿಂದ ಕಾಣೆ. ಅವಳಾಗಿಯೇ ಮಾನಸಿಕ ಆಸ್ಪತ್ರೆಗೆ ಸೇರಿದ್ದಾಳೆ ಎಂದು ಅವಳ ಅಣ್ಣ ಫೋನಿನಲ್ಲಿ ಹೇಳುತ್ತಾನೆ. ಕೆಲವು ವಾರಗಳಿಂದ ಅವಳಿಗೆ ನಿದ್ದೆಯಿರಲಿಲ್ಲ, ಕೂತಲ್ಲೇ ಅಳುತ್ತಿದ್ದಳು. ಅದು ದರ್ಜಿಗೂ ಗೊತ್ತು.

"ಮತ್ತೆ ದೂರು ಯಾಕೆ?" ಎಂದರು ಇನ್‌ಸ್ಪೆಕ್ಟರ್ ಮೇಡಂ.

"ಅಂಗಡಿ ಒಂದ್ಸಲ ನೋಡಿ ಮೇಡಂ. ಬಾಗಿಲ ಸಂದೀಲಿ ಕಾಣುತ್ತೆ, ದೀಪ ಉರೀತಾನೇ ಇದೆ."

ಪಂಚರ ಎದುರು ಬೀಗ ತೆಗೆಸಿ ಪಂಚನಾಮೆ ಶುರುವಾಯಿತು. ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದಂಥ ಮಳಿಗೆ. ದಢೂತಿ ಹೆಡ್ ಕಾನ್‌ಸ್ಟೇಬಲ್ ಹೊಸ್ತಿಲಾಚೆಯೇ ನಿಂತು ಬರೆದುಕೊಂಡರು. ಮೇಜಿನ ಮೇಲೆ ಬಿಚ್ಚಿಟ್ಟ ವಾಚು, ಅದರ ಚಕ್ರಗಳ ಮೇಲೆ ತೆಳುವಾಗಿ ಧೂಳು. ಪಕ್ಕದಲ್ಲೇ ಗಾಜಿನ ಬಟ್ಟಲು. ಎರಡು ಚಹಾ ಲೋಟಗಳಲ್ಲಿ ಒಂದರ ತಳದಲ್ಲಿ ಬಿಳಿ ಗಸಿ ಉಳಿದಿತ್ತು.

"ಬಿಚ್ಚಿದ ವಾಚಿಗೆ ಬಟ್ಟಲು ಮುಚ್ಚದೆ ಅವಳು ನೀರು ಕುಡಿಯೋಕೂ ಏಳಲ್ಲ," ಎಂದ ದರ್ಜಿ. "ತಾನಾಗೇ ಹೊರಟಿದ್ರೆ ಹೀಗೆ ಬಿಟ್ಟು ಹೋಗ್ತಿದ್ಲಾ?"

ಲೋಟಕ್ಕೆ ಸೀಲ್ ಹಾಕಿಸಿ ಮೇಡಂ ನೇರ ಆಸ್ಪತ್ರೆಗೆ ಹೋದರು. ಅವಳು ಮಂಪರಿನಲ್ಲಿದ್ದುದರಿಂದ ಅಣ್ಣನ ಮಾತು ನಂಬಿ ಒಳಗೆ ಸೇರಿಸಿಕೊಂಡೆವು, ಎಚ್ಚರವಾದ ಮೇಲೆ ಅವಳನ್ನೇ ಕೇಳೋಣ ಎಂದಿದ್ದೆವು ಎಂದು ವೈದ್ಯರು ತಡವರಿಸಿದರು. ಅವಳಿಗೆ ಆಗಷ್ಟೇ ಎಚ್ಚರವಾಗಿತ್ತು. ಅಣ್ಣ ತಂದ ಚಹಾ ಕುಡಿದದ್ದು ನೆನಪಿದೆ, ಆಮೇಲೆ ಕಣ್ಣು ಬಿಟ್ಟದ್ದು ಇಲ್ಲೇ ಎಂದು ಹೇಳಿಕೆ ಕೊಟ್ಟಳು. ಎಫ್ಐಆರ್ ದಾಖಲಾಯಿತು.

ಅಣ್ಣನನ್ನು ಹುಡುಕುವ ಕೆಲಸವೇ ಬೀಳಲಿಲ್ಲ. ನಿನ್ನೆಯಿಂದ ಅವನು ವಾರ್ಡಿನ ಬಾಗಿಲ ಬೆಂಚು ಬಿಟ್ಟು ಕದಲಿರಲಿಲ್ಲ. ಮಾತ್ರೆ ಬೆರೆಸಿದ್ದು ನಾನೇ ಎಂದು ಕೇಳುವ ಮೊದಲೇ ಒಪ್ಪಿಕೊಂಡ.

"ಅವಳನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ನಮ್ಮ ತಮ್ಮನ್ನ ಕೇಳಿದ್ದೆ ಮೇಡಂ. ಆಸ್ಪತ್ರೆಗೆ ಹೋಗೋಣ ಬಾರೋ ಅಂತ ಕೈ ಮುಗಿದು ಕೇಳಿದ್ದೆ. ನಾಳೆ ಬರ್ತೀನಿ ಅಂದ. ಬೆಳಗಾಗೋದ್ರಲ್ಲಿ ಜೀವಾನೇ ಕಳ್ಕೊಂಡಿದ್ದ. ಇವಳನ್ನ ಕೇಳೋಕೆ ಧೈರ್ಯ ಬರಲಿಲ್ಲ," ಎಂದ.

ಮೇಡಂಗೆ ಅಯ್ಯೋ ಅನಿಸಿತು. ಆದರೂ ಅವನನ್ನು ಬಂಧಿಸಿ ಜೀಪಿನಲ್ಲಿ ಕೂರಿಸಿದರು.

ಮೇಡಂ ಮತ್ತೆ ಒಳಗೆ ಬಂದಾಗ ವೈದ್ಯರು ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. ಬೇಕಿದ್ದರೆ ಈಗಲೇ ಮನೆಗೆ ಹೋಗಬಹುದು, ಯಾರೂ ತಡೆಯುವುದಿಲ್ಲ ಎಂದರು.

"ಇರ್ತೀನಿ," ಎಂದಳು ಅವಳು. "ಆ ವಾಚು ಮುಗಿಸಿ ನಾನೇ ಬರಬೇಕು ಅಂತಿದ್ದೆ. ಅಣ್ಣಂಗೆ ತಮ್ಮನ ನೆನಪಾಗುತ್ತೆ ಅಂತ ಹೇಳಿರ್ಲಿಲ್ಲ."

ಮೇಡಂ ಬಾಗಿಲವರೆಗೆ ಹೋದಾಗ ಅವಳು ಹಿಂದಿನಿಂದ ಕರೆದಳು. ವಾಚಿಗೆ ಬಟ್ಟಲು ಮುಚ್ಚಿಸಬೇಕು ಎಂದಳು. ಆಮೇಲೆ, "ಅಣ್ಣಂಗೆ ಹೇಳಿ ಮೇಡಂ, ನಾನು ಒಪ್ಪಿದೀನಿ ಅಂತ."